ಕ್ಯಾಮೆರಾ ನೋಡಿ, ನನ್ನನ್ನಲ್ಲ

ಆ ಸಂಜೆ ಮೂಡುಬಿದಿರೆಯ ಮನೆಯಲ್ಲಿ ಎರಡು ಬಟ್ಟಲಿಗೆ ಗಂಜಿ ಬಡಿಸಿಟ್ಟಿದ್ದೆ. ಸೂರ್ಯ ಮುಳುಗುವ ಮೊದಲು ಒಟ್ಟಿಗೆ ಉಣ್ಣುವುದು ನಮ್ಮ ನಿಯಮ. ಅಷ್ಟರಲ್ಲಿ ನನ್ನ ಹೆಂಡತಿ ತ್ರಿಶಲಾಳ ಕಚೇರಿಯಲ್ಲಿ ಕೆಲಸ ಮಾಡುವ ನಿಝಾಮುದ್ದೀನ್ ಫೋನು ಮಾಡಿದ.

"ಅಣ್ಣಾ, ಮೇಡಂ ಮೀಟಿಂಗಿನಲ್ಲೇ ಕುಸಿದರು. ಆಸ್ಪತ್ರೆಗೆ ತಂದೆವು... ಉಳಿಯಲಿಲ್ಲ ಅಣ್ಣಾ."

ಆಸ್ಪತ್ರೆಯಲ್ಲಿ ಡಾಕ್ಟರು ಮೆಲ್ಲನೆ ಹೇಳಿದರು: "ಕಣ್ಣು ದಾನ ಮಾಡುವುದಾಗಿ ಅವರು ಬರೆದುಕೊಟ್ಟ ಕಾರ್ಡು ಅವರ ಚೀಲದಲ್ಲಿತ್ತು. ನಿಮ್ಮ ಒಪ್ಪಿಗೆ ಬೇಕು. ತಡ ಮಾಡುವಂತಿಲ್ಲ."

"ಕಣ್ಣು ಮಾತ್ರ ಕೇಳಬೇಡಿ" ಎಂದೆ.

ನಮ್ಮದೆಲ್ಲ ಶುರುವಾದದ್ದೇ ಆ ಕಣ್ಣುಗಳಿಂದ.

ಆಗ ನಾನು ವಿಧುರ. ಅವಳು ಜಿಲ್ಲೆಯ ಸರಕಾರಿ ಕಚೇರಿಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ಮದುವೆ ಮಾಡಿಕೊಂಡಿರಲಿಲ್ಲ. ಸಿದ್ಧಕಟ್ಟೆಯಲ್ಲಿ ನನ್ನ ನೆರೆಮನೆಯ ಜೈನಬಮ್ಮನಿಗೆ ಬೀಡಿ ಕಟ್ಟಿ ಕಟ್ಟಿ ಬೆರಳಿನ ಗೆರೆ ಸವೆದಿತ್ತು. ಯಂತ್ರ ಬೆರಳಚ್ಚು ಒಪ್ಪದೆ ರೇಷನ್ ಅಕ್ಕಿ ನಿಂತಿತ್ತು. ತ್ರಿಶಲಾ ಬಿ.ಸಿ.ರೋಡಿನ ತಾಲೂಕು ಕಚೇರಿಗೆ ಬಂದ ದಿನ, ಜಗಳ ಮಾಡಲೆಂದೇ ಜೈನಬಮ್ಮನನ್ನು ಕರೆದುಕೊಂಡು ಹೋದೆ.

ಅವಳು ಆ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು. "ಮೇಲಿನವರಿಗೆ ಹೊಸ ಆ್ಯಪ್ ಬೇಕಂತೆ. ನನಗೆ ಮೊದಲು ಬೆರಳಿನ ಬದಲು ಕಣ್ಣು ಓದುವ ಕ್ಯಾಮೆರಾ ಬೇಕು. ಬಂದವರು ಬರಿಗೈಯಲ್ಲಿ ಹಿಂದೆ ಹೋಗಬಾರದು" ಎಂದಳು.

ನನಗೆ ಜಗಳ ಮರೆತೇಹೋಯಿತು.

ಮೇಲಿನವರೊಡನೆ ಹಟ ಹಿಡಿದು ಕ್ಯಾಮೆರಾ ತರಿಸಿದಳು. ಸಿದ್ಧಕಟ್ಟೆಯ ರೇಷನ್ ಅಂಗಡಿಯಲ್ಲಿ ಅದನ್ನು ಪರೀಕ್ಷಿಸಲು ಮೊದಲು ನನ್ನನ್ನೇ ಕೂರಿಸಿದಳು.

"ಕ್ಯಾಮೆರಾ ನೋಡಿ ಮಾರಾಯ್ರೆ, ನನ್ನನ್ನಲ್ಲ."

"ಅದನ್ನೇ ನೋಡ್ತಿದ್ದೇನೆ."

"ಸುಳ್ಳು! ಯಂತ್ರ ಮತ್ತೆ ಬೇಡ ಅಂತ ಹೇಳ್ತಾ ಉಂಟು."

ಜೈನಬಮ್ಮ ಸೆರಗು ಬಾಯಿಗೊತ್ತಿ ನಕ್ಕಳು. "ಮೇಡಂ, ನೀವು ಆಚೆ ಹೋಗಿ ನಿಲ್ಲಿ. ಇಲ್ಲದಿದ್ರೆ ಇವರದ್ದು ಇವತ್ತು ಮುಗಿಯುದಿಲ್ಲ, ನನಗೆ ಅಕ್ಕಿಯೂ ಇಲ್ಲ!"

ತ್ರಿಶಲಾಳ ಕಿವಿ ಕೆಂಪಾಯಿತು. ತಿರುಗಿ ನಿಂತಳು, ಆದರೂ ಓರೆಗಣ್ಣಿನಲ್ಲಿ ಒಮ್ಮೆ ನೋಡಿದಳು.

ಜೈನಬಮ್ಮ ಅಕ್ಕಿ ಹೊತ್ತು ಹೋದ ಮೇಲೆ, ಹೊತ್ತು ಇಳಿಯುತ್ತಿದ್ದಂತೆ, ಅಂಗಡಿಯ ಜಗಲಿಯಲ್ಲಿ ತ್ರಿಶಲಾ ಬುತ್ತಿ ಬಿಚ್ಚಿ ಅರ್ಧ ನನ್ನತ್ತ ಸರಿಸಿದಳು.

"ಇಷ್ಟು ವರ್ಷ ಒಬ್ಬಳೇ ಉಂಡು ಸಾಕಾಯ್ತು. ಇನ್ನು ಒಟ್ಟಿಗೆ ಉಣ್ಣುವ. ಆಗದಾ?"

"ಆಗ್ತದೆ" ಎಂದೆ. ಆ ಬುತ್ತಿಯಿಂದ ಮೊದಲ ತುತ್ತು ತೆಗೆದುಕೊಂಡೆ.

ಡಾಕ್ಟರು ಇನ್ನೂ ಕಾಯುತ್ತಿದ್ದರು. ಎಲ್ಲೋ ಯಾರೋ ಕತ್ತಲಲ್ಲಿ ಕಾಯುತ್ತಿರಬೇಕು. ಅವರನ್ನು ನಾನು ಬರಿಗೈಯಲ್ಲಿ ಕಳಿಸಿದರೆ ತ್ರಿಶಲಾ ಸಹಿಸಿಯಾಳೇ?

ಅವಳ ರೆಪ್ಪೆಗಳನ್ನು ಒಮ್ಮೆ ಮುಟ್ಟಿದೆ. "ತೆಗೆದುಕೊಳ್ಳಿ" ಎಂದೆ.

ನಮ್ಮ ಬಸದಿಯ ಚಂದ್ರನಾಥ ಸ್ವಾಮೀ, ಬಾಗಿಲಿಗೆ ಬಂದ ಯಾರನ್ನೂ ಹಿಂದೆ ಕಳಿಸದವಳು ಇಂದು ನಿನ್ನ ಬಾಗಿಲಿಗೆ ಬಂದಿದ್ದಾಳೆ. ಅವಳ ಆತ್ಮಕ್ಕೆ ಶಾಂತಿಯಾಗಲಿ, ಸದ್ಗತಿಯಾಗಲಿ.