ಗಾದಿ ಮೇಲೆ ಮಲಗಿದ ಬೆಕ್ಕು

ಎಸ್‌ಟಿಡಿ ಬೂತಿನ ಪಕ್ಕದ ಗಾದಿ ಅಂಗಡಿಯ ಮೆಟ್ಟಿಲು ಹತ್ತುವಾಗ ರತ್ನಮಾಲಾ ಟೀಚರ್ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಇರದೇ ಏನು ಮಾಡೀತು? ಪಕ್ಕದ ಕೋಣೆಗೆ ಬಂದು ಇನ್ನೂ ತಿಂಗಳಾಗಿಲ್ಲ, ಅವಳ ಮುಖವನ್ನೂ ನೋಡಿಲ್ಲ, ಈ ಗಾದಿ ಅಂಗಡಿಯ ಧಮ್ಮಪಾಲನೆಂಬ ಮಹಾಶಯ ಮನೆಯೊಡತಿ ಮೀರಾಬಾಯಿಗೆ ಚಾಡಿ ಹೇಳಿದ್ದ. ಟೀಚರ್ ಬೆಕ್ಕು ರಾತ್ರಿಯಿಡೀ ಅರಚುತ್ತದಂತೆ... ಇವನಿಗೆ ನಿದ್ದೆಯಿಲ್ಲವಂತೆ!

ಮೀರಾಬಾಯಿ ತೀರ್ಪು ಕೊಟ್ಟೇಬಿಟ್ಟಿದ್ದಳು. ಭಾನುವಾರದೊಳಗೆ ಬೆಕ್ಕು ಸುಮ್ಮನಾಗದಿದ್ದರೆ ಚೀಲದಲ್ಲಿ ಕಟ್ಟಿ ಊರಾಚೆಯ ಮಾಣಿಕನಗರದಲ್ಲಿ ಬಿಟ್ಟು ಬರುವುದು. ನೀವೇ ಹೇಳಿ, ಇದು ನ್ಯಾಯವೇ? ಒಂಟಿಯಾಗಿರುವ ಆ ಹುಡುಗಿಗೆ ಹುಮನಾಬಾದಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ ಜೀವ.

ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಹೊಸ ಗಾದಿಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿತ್ತು... ಅವಳದೇ ಬೆಕ್ಕು!

"ಇದು ಯಾರದ್ರಿ?"

"ನಂದೇ ಅನ್ರಿ," ಧಮ್ಮಪಾಲ ಹೆಮ್ಮೆಯಿಂದ ನಕ್ಕ. "ದಿನಾ ಮುಂಜಾನಿ ಬರ್ತದ, ಸಂಜೀತನಕ ಮಲಗ್ತದ. ಭಾಳ ಶಾಣ್ಯಾ ಅದ. ನಮ್ಮ ಬಾಜೂ ಮನಿಯಾಗೂ ಒಂದು ಬೆಕ್ಕದ, ಅದರ ಸುದ್ದಿ ಕೇಳಬ್ಯಾಡ್ರಿ."

"ಆ ಬಾಜೂ ಮನಿಯಾಕಿ ನಾನೇ. ಆ ಬೆಕ್ಕು ಇದೇ. ಹಗಲೆಲ್ಲಾ ನೀವು ಗಾದಿ ಮ್ಯಾಲ ಮಲಗಿಸ್ತೀರಿ, ರಾತ್ರಿ ಅದು ಒದರದೆ ಏನ್ ಮಾಡ್ಬೇಕ್ರಿ?"

ಅವನ ಮುಖ ಪೆಚ್ಚಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಬೆಕ್ಕನ್ನು ಸರಿದಾರಿಗೆ ತರುವ ಕೆಲಸ ಅವನು ಒಪ್ಪಿಕೊಂಡ.

ಅಂದಿನಿಂದ ಬೆಕ್ಕಿನ ಹಗಲು ನಿದ್ದೆ ಬಂದ್! ಸಂಜೆಯಾದರೆ ಧಮ್ಮಪಾಲ ದಾರಕ್ಕೆ ಹತ್ತಿ ಕಟ್ಟಿಕೊಂಡು ಅಂಗಳಕ್ಕೆ ಬರುತ್ತಿದ್ದ, ಬೆಕ್ಕು ದಣಿಯುವವರೆಗೆ ಆಡಿಸುತ್ತಿದ್ದ. ಆಮೇಲೆ ರತ್ನಮಾಲಾ ಹೊಟ್ಟೆ ತುಂಬ ಹಾಲು ರೊಟ್ಟಿ ಹಾಕಿ, ಮೂಲೆಯಲ್ಲಿ ಹಳೇ ಕೌದಿ ಹಾಸುತ್ತಿದ್ದಳು. ನಡುನಡುವೆ ಅವನಿಗೆ ಬೈಗುಳವೂ ಇತ್ತು, ಚಹಾವೂ ಇತ್ತು.

ಶನಿವಾರದ ಹೊತ್ತಿಗೆ ಬೆಕ್ಕು ಬೆಳಗಿನವರೆಗೆ ಮಿಸುಕಾಡದೆ ಮಲಗಿತು. ಮೀರಾಬಾಯಿ ಚೀಲದ ಮಾತು ಬಿಟ್ಟಳು.

ಸೋಮವಾರ ಧಮ್ಮಪಾಲ ಅಂಗಳಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ.

'ಬರದಿದ್ದರೆ ನನಗೇನು? ಮತ್ತೆ ನಾನ್ಯಾಕೆ ಬಾಗಿಲು ನೋಡುತ್ತಿದ್ದೇನೆ... ಛೆ!'

ಬುಧವಾರ ಶಾಲೆ ಬಿಟ್ಟವಳು ನೆಟ್ಟಗೆ ಅಂಗಡಿಗೇ ಹೋದಳು.

"ಬೆಕ್ಕು ಸುಮ್ಮನಾತು, ನಿಮ್ಮ ಕೆಲಸ ಮುಗೀತು. ಹೌದಲ್ರಿ?"

ಅವನು ಸೂಜಿ ಕೆಳಗಿಟ್ಟ. ಕಾರಣವಿಲ್ಲದೆ ಒಂಟಿ ಹೆಣ್ಣಿನ ಬಾಗಿಲಿಗೆ ಬಂದರೆ ಜನ ನಿಮ್ಮನ್ನೇ ಆಡಿಕೊಳ್ಳುತ್ತಾರೆಂದು ಅಂಜಿದೆ ಎಂದ.

"ಅಂಜೋಕಿಂತ ಮೊದಲು ನನ್ನ ಒಂದು ಮಾತು ಕೇಳಬೇಕಿತ್ತು..." ಸಿಟ್ಟಿನ ನಡುವೆಯೇ ಅವಳ ಕಣ್ಣು ತುಂಬಿತು.

"ಟೀಚರ್, ಈಗ ಬೆಕ್ಕು ಒದರವಲ್ದು," ಅವನು ತಲೆ ತಗ್ಗಿಸಿದ. "ಆದ್ರೂ ನನಗ ನಿದ್ದಿ ಬರವಲ್ದು."

ಅವಳ ಕೆನ್ನೆ ಕೆಂಪಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದನ್ನ ಮೀರಾಬಾಯಿ ಬಲ್ಲಿ ಹೇಳಬ್ಯಾಡ್ರಿ. ನಮ್ಮವ್ವ ಮೋರಖಂಡಿಯಾಗ ಇರ್ತಾಳ, ಆಕಿ ಬಲ್ಲಿ ಹೋಗಿ ಹೇಳ್ರಿ."

"ಏನಂತ ಹೇಳ್ಲಿ?"

"ಖರೇನ ಹೇಳ್ರಿ," ಅಂದಳು ರತ್ನಮಾಲಾ. "ನಾ ಅವ್ವಗ ಆಗಲೇ ಹೇಳೀನಿ."