ಇಂಧನದ ಮುಳ್ಳು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಣ್ಣ ಸೋವಿಯತ್ ಕಾಲದ ಯುದ್ಧವಿಮಾನ ಹಾರಿಸುತ್ತಿದ್ದ. ಒಂದು ದಿನ ಹೋದವನು ಹಿಂತಿರುಗಲಿಲ್ಲ. ಆಮೇಲೆ ಅದೇ ವಿಮಾನವನ್ನು ನಾನು ಚೂರೂ ತಪ್ಪದಂತೆ ಕಂಪ್ಯೂಟರ್ ಆಟವಾಗಿ ಮಾಡಿದೆ. ಅದರ ಇಂಧನದ ಮುಳ್ಳಿಗೆ ಟ್ಯಾಂಕಿನಲ್ಲಿ ಎಷ್ಟಿದೆಯೆಂಬುದು ಗೊತ್ತಾಗುವುದಿಲ್ಲ. ಹೊರಡುವ ಮೊದಲು ಪೈಲಟ್ಟೇ ಅದನ್ನು ಕೈಯಿಂದ ತಿರುಗಿಸಿಡಬೇಕು. ಆಮೇಲೆ ಎಂಜಿನ್ ಸೀಮೆಎಣ್ಣೆಯಂಥ ಆ ಇಂಧನವನ್ನು ಕುಡಿದಷ್ಟೂ ಅದು ಇಳಿಯುತ್ತದೆ.

ಒಂದು ಮಧ್ಯಾಹ್ನ ಅತ್ತಿಗೆ ಬಂದರು. "ನಿಮ್ಮಣ್ಣ ಕೂತ್ಕೋತಿದ್ದ ಜಾಗ ಒಂದ್ಸಲ ತೋರಿಸಪ್ಪಾ."

ನನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ ಆಟ ತೆರೆದೆ. ಎಂಜಿನ್ ಚಾಲೂ ಮಾಡಲಿಲ್ಲ.

"ಕುರ್ಚಿ ಯಾಕೆ ಇಷ್ಟು ತಣ್ಣಗಿದೆ?" ಎಂದರು.

ಸೀಮೆಎಣ್ಣೆಯೇ ಇಲ್ಲದ ಮನೆಯಲ್ಲಿ ಸೀಮೆಎಣ್ಣೆಯ ವಾಸನೆ ಬಂತು. ಪರದೆಯಲ್ಲಿ ಸೊನ್ನೆಗಿದ್ದ ಇಂಧನದ ಮುಳ್ಳು ಯಾರೂ ಮುಟ್ಟದೆ ಟಕಟಕ ಎನ್ನುತ್ತ ಮೇಲೇರಿ, ಅರ್ಧಕ್ಕೆ ನಿಂತಿತು. ಆ ಸದ್ದನ್ನು ನಾನು ಆಟಕ್ಕೆ ಹಾಕಿಯೇ ಇರಲಿಲ್ಲ.

ಅತ್ತಿಗೆ ಹೆದರಲಿಲ್ಲ. "ಅವರೇ ತಿರುಗಿಸಿದ್ದು, ಅಲ್ವಾ? ಅಷ್ಟು ಇಂಧನದಲ್ಲಿ ಮನೆಗೆ ಬರೋಕಾಗುತ್ತಾ?"

"ಆಗುತ್ತೆ ಅತ್ತಿಗೆ," ಎಂದೆ.

ಅವರು ಕಣ್ಣೊರೆಸಿಕೊಂಡು, ಮಲಗಿದವರ ಹಣೆ ಮುಟ್ಟುವಂತೆ ಪರದೆಯನ್ನು ಮುಟ್ಟಿದರು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ಮುಳ್ಳು ಮಾತ್ರ ಮೆಲ್ಲಗೆ ಇಳಿಯುತ್ತಿತ್ತು.