ಬಿಳಿ ದಾರದ ಕೊಳವೆ

"ನಮ್ಮನೇಲಿ ಯಾರೋ ಮೀನು ಕೊಲ್ತಿದ್ದಾರೆ ಮೇಡಂ. ಯಾರು ಅಂತಾನೂ ನಂಗೆ ಗೊತ್ತು. ಸಾಬೀತು ಮಾಡಿಕೊಡಿ, ಅಷ್ಟು ಸಾಕು."

ಮೂರನೇ ಮಹಡಿಯ, ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಅಕ್ಕ ಹೊಸ್ತಿಲಲ್ಲೇ ನಿಂತು ಹೀಗೆಂದಾಗ ಮೇಡಂ ಚಹಾದ ಲೋಟವನ್ನು ಕೆಳಗಿಟ್ಟರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗಿನ್ನೂ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ ಕೇಳಿಯೇ ಬರುತ್ತಿರುವವರು ಯಾರೆಂದು ಹೇಳಬಹುದಿತ್ತು.

ಮೇಡಂ ಮೂವತ್ತು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದವರು. ನಾನು ಅಲ್ಲಿ ಅವರು ಹೇಳಿದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದ ಗುಮಾಸ್ತ. ನಿವೃತ್ತಿಯ ಮೇಲೂ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದು ಅದೇ ಕೆಲಸ ಮುಂದುವರಿಸಿದ್ದೆ. ಬೀದಿಯವರು ಅವರನ್ನು ನೀರಮ್ಮ ಅನ್ನುತ್ತಿದ್ದರು. ಯಾರ ಮನೆಯ ಗೋಡೆ ಒಸರಿದರೂ ಯಾರ ಉಂಗುರ ಕಳೆದರೂ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ.

ಅಕ್ಕನ ಗಂಡ ಕನ್ನಡಕದ ಅಂಗಡಿ ಇಟ್ಟಿದ್ದರು. ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಸಾಕಿದ್ದ ಏಳು ಡಿಸ್ಕಸ್ ಮೀನುಗಳನ್ನು, ತಟ್ಟೆಯಂತೆ ದುಂಡಗಿನ ಆ ನಾಜೂಕು ಜೀವಗಳನ್ನು, ಈಕೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಳು. ಮೂರೇ ವಾರದಲ್ಲಿ ಮೂರು ಸತ್ತಿದ್ದವು.

"ಯಾರ ಮೇಲೆ ಅನುಮಾನ?" ಎಂದರು ಮೇಡಂ.

"ನನ್ನ ಮೈದುನ. 'ಮೀನು ಯಾರಿಗಾದ್ರೂ ಕೊಟ್ಬಿಡೋಣ ಅತ್ತಿಗೆ' ಅಂತ ಒಂದೇ ಸಮನೆ ಹೇಳ್ತಿದ್ದ. ಈಗ ಮಾತಾಡೋದೇ ಬಿಟ್ಟಿದ್ದೀನಿ. ಬೇರೆ ಮನೆ ನೋಡ್ಕೊ ಅಂದಿದ್ದೀನಿ."

ನಾವು ಮೂರನೇ ಮಹಡಿಗೆ ಹೋದಾಗ ಬಾಗಿಲು ತೆರೆದವನು ಆ ಮೈದುನನೇ. ಬಸ್ ಚಾಲಕ. ಬಲಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಪ್ಲಾಸ್ಟರ್. ಕೈ ಮುರಿದುಕೊಂಡು ಆರು ವಾರವಾಯಿತಂತೆ. ಎಡಗೈಯಲ್ಲಿ ಚಿಲಕ ತೆಗೆದು, ಅತ್ತಿಗೆಯ ಮುಖ ನೋಡದೆ ಒಳಗೆ ಹೋದ. ಬಾಲ್ಕನಿಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಹಿಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು. ಪಕ್ಕದ ಕುಂಡದಲ್ಲಿ ಒಂದು ಗುಲಾಬಿ ಗಿಡ. ಅದರ ಹಳೆಯ ಎಲೆಗಳ ಅಂಚು ಸುಟ್ಟಂತೆ ಕಂದಿತ್ತು, ಆದರೆ ತುದಿಯಲ್ಲಿ ಕೆಂಪು ಚಿಗುರು ನಳನಳಿಸುತ್ತಿತ್ತು.

ಮೇಡಂ ಮೊದಲು ಮೀನಿನ ತೊಟ್ಟಿಯ ಗಾಜಿನ ಮೇಲೆ ಬೆರಳಾಡಿಸಿದರು. ನೀರಿನ ಮಟ್ಟದಲ್ಲಿ ಬಿಳಿಯ ಗೆರೆಯೊಂದು ಹೆಪ್ಪುಗಟ್ಟಿತ್ತು. "ಇದು ಮೊದಲೂ ಇತ್ತಾ?"

"ಇಲ್ಲ. ಈಗೀಗ ಕಾಣ್ತಿದೆ."

ಅಡುಗೆಮನೆಯ ಸಿಂಕಿನ ಕೆಳಗೆ ಆರ್‌ಓ ಫಿಲ್ಟರ್ ಇತ್ತು. ಅದರಿಂದ ಹೊರಟ ಎರಡು ಬಿಳಿ ಕೊಳವೆಗಳು ಗೋಡೆಗುಂಟ ಒಟ್ಟಿಗೆ ಸಾಗಿದ್ದವು.

"ಬಿಳಿ ದಾರ ಕಟ್ಟಿದ್ದು ಒಳ್ಳೇ ನೀರು. ಮೀನಿನ ಬಕೆಟ್‌ಗೆ ಬೀಳುತ್ತೆ," ಎಂದಳು ಅಕ್ಕ. "ಕೆಂಪು ದಾರದ್ದು ಉಪ್ಪೆಲ್ಲ ಸೇರಿದ ನೀರು. ಅವರಿದ್ದಾಗ ಮೋರಿಗೆ ಹೋಗ್ತಿತ್ತು. ಪೋಲಾಗಬಾರದು ಅಂತ ನಾನೇ ಬಾಲ್ಕನಿ ಡ್ರಮ್ಮಿಗೆ ತಿರುಗಿಸಿದೆ. ದಾರ ಕಟ್ಟಿದ್ದು ಅವರೇ, ನಾನು ಬಿಚ್ಚಿಲ್ಲ."

"ಬಕೆಟ್ ತುಂಬೋಕೆ ಎಷ್ಟು ಹೊತ್ತು?"

"ಮೊದಲು ನಾಲ್ಕು ಗಂಟೆ ಹಿಡಿಯೋದು. ಈಗ ಒಂದೂಕಾಲು ಗಂಟೆಗೆಲ್ಲ ತುಂಬುತ್ತೆ. ಕಷ್ಟದಲ್ಲಿ ಅದೊಂದು ಅನುಕೂಲ."

ಮೇಡಂ ಹುಬ್ಬೇರಿಸಿದರು. ಜೇಬಿನಿಂದ ಉಪ್ಪಿನಂಶ ಅಳೆಯುವ ಪೆನ್ನಿನಂಥ ಮೀಟರ್ ತೆಗೆದು ನಲ್ಲಿ ನೀರಿನಲ್ಲಿ ಅದ್ದಿದರು. "ಬರ್ಕೊಳ್ಳಿ ಗುಮಾಸ್ತರೇ. ಮುನ್ನೂರು." ಬಕೆಟ್ಟಿನಲ್ಲಿ ಅದ್ದಿದರು. "ಮುನ್ನೂರ ತೊಂಬತ್ತೈದು."

ಸೋಸಿದ ನೀರಿನಲ್ಲಿ ಸೋಸದ ನೀರಿಗಿಂತ ಹೆಚ್ಚು ಉಪ್ಪು! ನಾನು ಪೆನ್ಸಿಲ್ ಹಿಡಿದುಕೊಂಡೇ ಬಾಯಿ ಬಿಟ್ಟೆ.

"ಇದನ್ನ ಕೊನೇ ಸಲ ಮುಟ್ಟಿದ್ದು ಯಾರು?"

"ಮೆಕ್ಯಾನಿಕ್. ತಿಂಗಳ ಹಿಂದೆ ಬಂದು ಕ್ಯಾಂಡಲ್ ಬದಲಾಯಿಸಿದ. ಆಮೇಲೂ ಒಂದು ವಾರ ಎಲ್ಲ ಸರಿಯಾಗಿತ್ತು, ಬಕೆಟ್ಟೂ ನಿಧಾನವಾಗೇ ತುಂಬ್ತಿತ್ತು. ಮೀನು ಸತ್ತಾಗ ಫೋನ್ ಮಾಡಿದೆ. ಒಳಗಿನ ಪೊರೆ ಹರಿದಿರಬೇಕು ಅಂದ."

"ಗುಲಾಬಿಗೆ ನೀರು ಹಾಕೋರು ಯಾರು?"

"ಮಾವ. ನನ್ನ ಗಂಡ ಅಂಗಡಿ ತೆರೆದ ದಿನ ನೆಟ್ಟ ಗಿಡ ಅದು. ಮಾವ ಬೇರೇನೂ ಮುಟ್ಟಲ್ಲ. ಆ ಡ್ರಮ್ಮಿಂದ ಚೊಂಬಲ್ಲಿ ತಗೊಂಡು ಹಾಕ್ತಾರೆ."

ಮೇಡಂ ಬಾಲ್ಕನಿಗೆ ಹೋಗಿ ಕುಂಡದ ಮಣ್ಣು ಮುಟ್ಟಿ ನೋಡಿದರು. ಡ್ರಮ್ಮಿನಲ್ಲೂ ಮೀಟರ್ ಅದ್ದಿದರು. ಆ ಅಂಕಿಯನ್ನು ಮಾತ್ರ ಗಟ್ಟಿಯಾಗಿ ಹೇಳದೆ ನನಗೆ ತೋರಿಸಿದರು. ಹನ್ನೆರಡು. ಮುದುಕರು ಮೇಡಂ ಮುಖವನ್ನೊಮ್ಮೆ ನೋಡಿ ಬೀದಿಯ ಕಡೆ ತಿರುಗಿದರು.

"ಭಾನುವಾರ ಬೆಳಿಗ್ಗೆ ಎಲ್ಲರೂ ಮನೇಲಿರಿ. ಮೆಕ್ಯಾನಿಕ್ ಕೂಡ ಬರಲಿ," ಎಂದರು ಮೇಡಂ. "ಅಲ್ಲಿವರೆಗೆ ಮೀನಿಗೆ ಆ ಬಕೆಟ್ಟಿನ ಒಂದು ಹನೀನೂ ಹಾಕಬೇಡಿ."

ಭಾನುವಾರ ತೊಟ್ಟಿಯ ಮುಂದೆ ನಾಲ್ಕು ಕುರ್ಚಿ, ಒಂದು ಮಣೆ. ಮೆಕ್ಯಾನಿಕ್ ತನ್ನನ್ನು ಯಾರಾದರೂ ಹೊಡೆಯುತ್ತಾರೇನೋ ಎಂಬಂತೆ ಬಾಗಿಲ ಹತ್ತಿರವೇ ಕೂತಿದ್ದ. ಮೈದುನ ಗೋಡೆಗೆ ಒರಗಿದ್ದ.

"ಮೊದಲು ಮೆಕ್ಯಾನಿಕ್ ಹೇಳಿದ್ದನ್ನ ನೋಡೋಣ," ಎಂದು ಮೇಡಂ ಶುರು ಮಾಡಿದರು. "ಪೊರೆ ಹರಿದ್ರೆ ಏನಾಗುತ್ತೆ? ನಲ್ಲಿ ನೀರು ಹಾಗೇ ನುಗ್ಗಿ ಬರುತ್ತೆ. ಮುನ್ನೂರಿದ್ದದ್ದು ಮುನ್ನೂರೇ ಇರುತ್ತೆ, ಅದಕ್ಕಿಂತ ಹೆಚ್ಚಾಗೋಕೆ ಸಾಧ್ಯವೇ ಇಲ್ಲ. ಹೆಚ್ಚಾಗಿದೆ ಅಂದ್ರೆ ಪೊರೆ ಚೆನ್ನಾಗಿ ಕೆಲಸ ಮಾಡ್ತಿದೆ. ಅದು ತಡೆದ ಉಪ್ಪೆಲ್ಲ ಬಕೆಟ್‌ಗೆ ಬೀಳ್ತಿದೆ, ಒಳ್ಳೇ ನೀರು ಡ್ರಮ್ಮಿಗೆ ಹೋಗ್ತಿದೆ."

"ಅಂದ್ರೆ ಕೊಳವೆ..." ಎಂದ ಮೆಕ್ಯಾನಿಕ್.

"ಅದಲು ಬದಲು. ಈ ಯಂತ್ರ ಒಂದು ಪಾಲು ಒಳ್ಳೇ ನೀರು ಕೊಟ್ರೆ ಮೂರು ಪಾಲು ಉಪ್ಪು ನೀರು ಹೊರಗೆ ಹಾಕುತ್ತೆ. ಬಕೆಟ್ ಮೂರು ಪಟ್ಟು ಬೇಗ ತುಂಬಿದ್ದು ಅದಕ್ಕೇ. ಗಾಜಿನ ಮೇಲೆ ಬಿಳಿ ಗೆರೆ ಕೂತಿದ್ದೂ ಅದಕ್ಕೇ. ಕೊಳವೆಗಳನ್ನ ಫಿಲ್ಟರ್ ಬುಡದಲ್ಲಿ ಕಿತ್ತು ಒಂದರ ಜಾಗಕ್ಕೆ ಇನ್ನೊಂದನ್ನ ಸಿಕ್ಕಿಸಿದ್ದಾರೆ. ದಾರ ಇರೋದು ಬಕೆಟ್ ಕಡೆ ತುದಿಯಲ್ಲಿ. ಹಾಗಾಗಿ ಬಿಳಿ ದಾರ ಬಕೆಟ್‌ನಲ್ಲೇ ಉಳೀತು, ಒಳಗಿನ ನೀರು ಮಾತ್ರ ಬದಲಾಯ್ತು."

ಅಕ್ಕ ಮೈದುನನ ಕಡೆ ತಿರುಗಿದಳು.

"ಅವನಲ್ಲ," ಎಂದರು ಮೇಡಂ. "ಈ ಕೊಳವೆ ಬಿಡಿಸೋಕೆ ಒಂದು ಕೈಯಲ್ಲಿ ಅದರ ಬುಡದ ಪ್ಲಾಸ್ಟಿಕ್ ಬಳೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಎಳೀಬೇಕು. ಬೆರಳಲ್ಲಿ ಚಮಚಾನೂ ಹಿಡಿಯೋಕಾಗದೋನು ಅದನ್ನ ಹೇಗೆ ಮಾಡ್ತಾನೆ? ಮೆಕ್ಯಾನಿಕ್ಕೂ ಅಲ್ಲ. ಅವನು ಹೋಗಿ ವಾರದ ತನಕ ಬಕೆಟ್ ನಿಧಾನವಾಗೇ ತುಂಬ್ತಿತ್ತು. ನೀವಂತೂ ಅಲ್ಲ."

ಉಳಿದವರು ಒಬ್ಬರೇ. ಮೇಡಂ ಅವರ ಹೆಸರೆತ್ತಲಿಲ್ಲ. "ಯಾರು ಅನ್ನೋದಕ್ಕಿಂತ ಯಾಕೆ ಅಂತ ಕೇಳಿ. ಈ ಮೂರು ವಾರದಲ್ಲಿ ಮೀನು ಸಾಯ್ತಾ ಬಂತು, ಆದರೆ ಒಂದು ಜೀವ ಚಿಗುರಿತು," ಎಂದಷ್ಟೇ ಹೇಳಿದರು.

ಆಗ ಮಾವ ಬಾಯಿ ತೆರೆದರು.

"ಆ ಕೆಂಪು ದಾರದ್ದು ಏನಪ್ಪಾ ಅಂತ ಈ ಮೆಕ್ಯಾನಿಕ್ಕನ್ನ ಕೇಳಿದೆ. 'ಅದು ವೇಸ್ಟು ತಾತ' ಅಂದ. ಗಿಡದ ಎಲೆ ಸುಡ್ತಿತ್ತು. ನನ್ನ ಮಗ ನೆಟ್ಟ ಗಿಡಕ್ಕೆ ದಿನಾ ಬಿಸಾಡೋ ನೀರು ಹಾಕ್ತಿದೀನಲ್ಲ ಅನ್ನಿಸ್ತು. ಮೀನಿಗೇನು, ನೀರು ನೀರೇ ಅಂದ್ಕೊಂಡು ಎರಡೂ ಕೊಳವೆ ಅದಲು ಬದಲು ಮಾಡ್ದೆ."

"ಮೀನು ಸತ್ತಾಗ ಹೇಳಬಹುದಿತ್ತಲ್ಲ ಮಾವ?" ಎಂದಳು ಅಕ್ಕ.

"ಎರಡನೇದು ಸತ್ತಾಗ ಅನುಮಾನ ಬಂತಮ್ಮ. ಅಷ್ಟರಲ್ಲಿ ನೀನು ಚಿಕ್ಕವನ ಮೇಲೆ ಕೂಗಾಡಿದ್ದೆ. ಹೇಳಿದ್ರೆ ನಿನ್ನ ಮುಂದೆ ಯಾವ ಮುಖ ಇಟ್ಕೊಂಡು ಇರ್ಲಿ? ಮಗನ ಮೇಲೆ ಅಪವಾದ ಬಂದ್ರೂ ಬಾಯಿ ಮುಚ್ಕೊಂಡು ಕೂತೆ. ಮುದುಕನಿಗೆ ಬರಬಾರದ ಬುದ್ಧಿ."

ಮೈದುನ ಗೋಡೆ ಬಿಟ್ಟು ಮುಂದೆ ಬಂದ. "ಅತ್ತಿಗೆ, ಮೀನು ಕೊಟ್ಬಿಡೋಣ ಅಂದಿದ್ದು ನಿಜ. ಅಣ್ಣ ಈ ತೊಟ್ಟಿ ಮುಂದೆ ಬಗ್ಗಿ ನಿಲ್ತಿದ್ದದ್ದು ಕಣ್ಣಿಗೆ ಕಟ್ಟುತ್ತೆ. ನೋಡೋಕಾಗಲ್ಲ ನಂಗೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಗಿಡ ಸುಡೋ ನೀರನ್ನ ಡ್ರಮ್ಮಿಗೆ ಬಿಟ್ಟಿದ್ದು ನಾನೇ ತಾನೆ," ಎಂದಳು. ಆಮೇಲೆ ಮೈದುನನ ಕಡೆ ನೋಡಿ, "ಮನೆ ಹುಡುಕೋದು ನಿಲ್ಸು. ಆ ಕೈಯಲ್ಲಿ ಒಬ್ಬನೇ ಏನು ಬೇಯಿಸ್ಕೊಂಡು ತಿಂತೀಯ?" ಎಂದಳು. ಮಾವನಿಗೆ ಅಂದು ಏನೂ ಹೇಳಲಿಲ್ಲ. ಅವರ ಮುಂದೆ ಊಟದ ತಟ್ಟೆ ಇಡುವಾಗ ಇನ್ನೂ ಹಲವು ದಿನ ಅವಳ ಕೈ ಬಿಗಿಯಾಗಿಯೇ ಇತ್ತಂತೆ.

ಮೆಕ್ಯಾನಿಕ್ ಎರಡೇ ನಿಮಿಷದಲ್ಲಿ ಕೊಳವೆ ಸರಿಪಡಿಸಿದ. ಕೆಂಪು ದಾರದ್ದು ಮತ್ತೆ ಮೋರಿಗೆ ಹೋಯಿತು, ಗುಲಾಬಿಗೆ ಇನ್ನು ನಲ್ಲಿ ನೀರೆಂದು ತೀರ್ಮಾನವಾಯಿತು. ಒಮ್ಮೆಗೇ ಬದಲಾಯಿಸಿದರೆ ಉಳಿದ ಮೀನುಗಳು ತಡೆಯಲಾರವೆಂದು ಮೇಡಂ ದಿನಕ್ಕೆ ಇಷ್ಟೇ ಚೊಂಬು ಎಂದು ಹೊಸ ನೀರಿನ ಲೆಕ್ಕ ಬರೆಸಿಕೊಟ್ಟರು. ಆ ಚೊಂಬುಗಳನ್ನು ಎಣಿಸಿ ಹಾಕುವ ಕೆಲಸವನ್ನು ಮಾವ ತಾವಾಗಿಯೇ ವಹಿಸಿಕೊಂಡರು. ಅಕ್ಕ ಬೇಡವೆನ್ನಲಿಲ್ಲ.

ಏಳೆಂಟು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆ ಮುದುಕರು ಕಂಬಿ ಹಿಡಿದುಕೊಂಡು ಮೂರು ಮಹಡಿ ಇಳಿದು ಬಂದು ನಮ್ಮ ಬಾಗಿಲು ಬಡಿದರು. ಏದುಸಿರಿನಲ್ಲಿ ಮಾತೇ ಹೊರಡಲಿಲ್ಲ, ಬನ್ನಿ ಎಂದು ಕೈಸನ್ನೆ ಮಾಡಿದರು. ಮೇಲೆ ಹೋದರೆ ಅಕ್ಕ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಸಾಸಿವೆಗಿಂತ ಚಿಕ್ಕ ಮರಿಗಳು, ನೂರಾರು, ದೊಡ್ಡ ಮೀನೊಂದರ ಪಕ್ಕೆಗೆ ಮುತ್ತಿಕೊಂಡಿದ್ದವು.

"ತಾಯಿ ಮೈಯ ಲೋಳೆಯೇ ಅವಕ್ಕೆ ಹಾಲು," ಎಂದರು ಮೇಡಂ.

ಅಷ್ಟರಲ್ಲಿ ಆ ಮೀನು ಮೈ ಕೊಡವಿತು. ಮರಿಗಳೆಲ್ಲ ಹೊಗೆಯಂತೆ ಎದ್ದು ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಂದಕ್ಕೆ ಹೋಗಿ ಅಂಟಿಕೊಂಡವು.

"ಅದು ಗಂಡು ಮಾವ," ಎಂದಳು ಅಕ್ಕ. "ಅಪ್ಪ. ಅಪ್ಪನೂ ಕುಡಿಸುತ್ತೆ."

ಮುದುಕರು ಅವಳ ಪಕ್ಕದಲ್ಲಿ ನೆಲಕ್ಕೆ ಕೂರಲು ಹವಣಿಸಿದರು. ಅವಳು ಅವರ ತೋಳು ಹಿಡಿದು ಮೆಲ್ಲಗೆ ಕೂರಿಸಿಕೊಂಡಳು. ಒಬ್ಬರ ಮನೆಯಲ್ಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರದ ಮೇಡಂ ಆ ದಿನ ಕುರ್ಚಿ ಕೇಳಿ ಹಾಕಿಸಿಕೊಂಡರು. ನಾವು ಕೆಳಗಿಳಿದಾಗ ಮಧ್ಯಾಹ್ನ ದಾಟಿತ್ತು.